ಬದಿಯಿಂದ ನಡುವನ್ನು ಗೆದ್ದ ರಿಚರ್ಡ್ ರೇಟಿ

1924ನೇ ಇಸವಿಯ ಮಾರ್ಚ್ 22. ನ್ಯೂಯಾರ್ಕ್ ನಗರದ ಅಲಮಾಕ್ ಹೋಟೆಲಿನಲ್ಲಿ ನಡೆಯುತ್ತಿದ್ದ ಚದುರಂಗ ಪಂದ್ಯಾಟದ ಐದನೇ ಸುತ್ತು. ಕ್ಯೂಬಾ ದೇಶದ ಹೋಸೆ ರೌಲ್ ಕ್ಯಾಪಾಬ್ಲಾಂಕಾ ಆಗಿನ ವಿಶ್ವವಿಜೇತ. 1916ರ ಫೆಬ್ರವರಿಯಲ್ಲಿ ಒಮ್ಮೆ ಸೋತದ್ದು ಬಿಟ್ಟರೆ ಆಮೇಲಿನ ಎಂಟು ವರ್ಷ ಯಾವ ಪಂದ್ಯದಲ್ಲೂ ಆತ ಒಂದೇ ಒಂದು ಆಟವನ್ನು ಸೋತವನಲ್ಲ. ಜನ ಆತನನ್ನು ಚದುರಂಗದ ಯಂತ್ರವೆಂದೇ ಕರೆಯುತ್ತಿದ್ದರು. ಆ ದಿನ ಮೂವತ್ತೊಂದನೇ ನಡೆಯಾದ ಮೇಲೆ ಆ ಯಂತ್ರ ನಿಂತಿತು. ಕ್ಯಾಪಾಬ್ಲಾಂಕಾ ಸೋಲೊಪ್ಪಿಕೊಂಡ.

ಸೋಲಿಸಿದವನ ಹೆಸರು ರಿಚರ್ಡ್ ರೇಟಿ. ವಯಸ್ಸು ಮೂವತ್ತನಾಲ್ಕು. ಜಗತ್ತು ಬೆರಗಾದದ್ದು ಗೆಲುವಿಗಾಗಿ ಮಾತ್ರವಲ್ಲ, ಗೆದ್ದ ರೀತಿಗಾಗಿಯೂ ಹೌದು. ಮಣೆಯ ನಡುವಿನ ಮನೆಗಳನ್ನು ಮೊದಲು ಹಿಡಿ ಎಂದು ಆಗಿನ ಗುರುಗಳೆಲ್ಲ ಕಲಿಸುತ್ತಿದ್ದರು. ರೇಟಿಯಾದರೋ ನಡುವನ್ನು ಬಿಟ್ಟು ಬದಿಯಿಂದ ಆಟ ತೊಡಗಿದ; ಬದಿಯಲ್ಲೇ ನಿಂತು ನಡುವನ್ನು ಆಳಿದ. ಚದುರಂಗ ಬಲ್ಲವರು ಇಂದಿಗೂ ಆ ಆರಂಭವನ್ನು ಅವನ ಹೆಸರಿನಿಂದಲೇ ಕರೆಯುತ್ತಾರೆ. ಗಡಿನಾಡಿನವರಾದ ನಾವು ಈತನ ಬಾಳನ್ನು ಒಮ್ಮೆ ತಿಳಿದುಕೊಳ್ಳುವುದು ಉಚಿತ. ಏಕೆಂದರೆ ಬದಿಯ ಬದುಕು ಎಂದರೇನೆಂಬುದನ್ನು ಆತ ಮಣೆಯ ಮೇಲೆ ಮಾತ್ರ ಕಂಡವನಲ್ಲ.

ಮೂರು ಹೆಸರಿನ ಊರು

ರೇಟಿ ಹುಟ್ಟಿದ್ದು 1889ರ ಮೇ 28ರಂದು, ಆಗಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಚಿಕ್ಕ ಪಟ್ಟಣದಲ್ಲಿ. ಹಂಗೇರಿಯವರು ಆ ಊರನ್ನು ಬಜಿನ್ ಎನ್ನುತ್ತಿದ್ದರು, ಜರ್ಮನ್ ಮಾತಾಡುವವರು ಬೋಸಿಂಗ್ ಎನ್ನುತ್ತಿದ್ದರು, ಸ್ಲೊವಾಕರು ಪೆಜಿನೋಕ್ ಎನ್ನುತ್ತಿದ್ದರು. ಈಗ ಅದು ಸ್ಲೊವಾಕಿಯಾ ದೇಶದಲ್ಲಿದೆ. ಹೆಸರೂ ಪೆಜಿನೋಕ್ ಎಂದೇ ನಿಂತಿದೆ. ನಾವು ಮಂಜೇಶ್ವರ ಎನ್ನುವುದನ್ನು ನೆರೆಯವರು ಮಂಜೇಶ್ವರಂ ಎನ್ನುವುದನ್ನು ದಿನವೂ ಕೇಳುವ ನಮ್ಮ ಓದುಗರಿಗೆ ಒಂದೂರಿಗೆ ಮೂರು ಹೆಸರಿರುವುದು ವಿಚಿತ್ರವೆನಿಸದು.

ತಂದೆ ಸಾಮುಯೆಲ್ ರೇಟಿ ಸೈನ್ಯದಲ್ಲಿ ವೈದ್ಯ. ಯೆಹೂದಿ ಮನೆತನ. ಅಣ್ಣ ರುಡಾಲ್ಫ್ ಸಂಗೀತದತ್ತ ತಿರುಗಿ ಪಿಯಾನೊ ವಾದಕನಾಗಿಯೂ ಸಂಗೀತಶಾಸ್ತ್ರಜ್ಞನಾಗಿಯೂ ಹೆಸರು ಮಾಡಿದ. 1922ರಲ್ಲಿ ಸಮಕಾಲೀನ ಸಂಗೀತದ ಅಂತರರಾಷ್ಟ್ರೀಯ ಸಂಘವನ್ನು ಕಟ್ಟಿದವರಲ್ಲಿ ಆತನೂ ಒಬ್ಬ. ತಮ್ಮ ರಿಚರ್ಡ್ ಗಣಿತ ಓದಲೆಂದು ವಿಯೆನ್ನಾ ವಿಶ್ವವಿದ್ಯಾನಿಲಯ ಸೇರಿದ. ಆದರೆ ಆ ಊರಿನ ಕಾಫಿ ಅಂಗಡಿಗಳಲ್ಲಿ ಹಗಲೂ ರಾತ್ರಿ ಚದುರಂಗ ನಡೆಯುತ್ತಿತ್ತು. ಗಣಿತದ ವಿದ್ಯಾರ್ಥಿಯನ್ನು ಮಣೆ ಎಳೆದುಕೊಂಡಿತು. ಬರೆದಿಟ್ಟ ಪ್ರಬಂಧವನ್ನು ಆತ ಎಲ್ಲೋ ಕಳೆದುಕೊಂಡ, ಡಾಕ್ಟರ್ ಪದವಿ ಹಾಗೆಯೇ ಕೈತಪ್ಪಿತು ಎಂಬ ಕಥೆ ಚದುರಂಗದ ವಲಯದಲ್ಲಿ ಬಹುಕಾಲದಿಂದ ಪ್ರಚಾರದಲ್ಲಿದೆ.

ಹೆಸರಾಂತ ಪಟುಗಳ ನಡುವೆ ಆತನ ಮೊದಲ ಪ್ರವೇಶ ಆದದ್ದು 1908ರಲ್ಲಿ, ವಿಯೆನ್ನಾದಲ್ಲಿ. ಹತ್ತೊಂಬತ್ತು ವರ್ಷ ಇನ್ನೂ ತುಂಬಿರಲಿಲ್ಲ. ಇಪ್ಪತ್ತು ಮಂದಿಯ ಪಂದ್ಯಾಟ, ಹತ್ತೊಂಬತ್ತು ಆಟಗಳು. ಅವುಗಳಲ್ಲಿ ರೇಟಿ ಗೆದ್ದದ್ದು ಒಂದೂ ಇಲ್ಲ. ಮೂರು ಸಮ, ಉಳಿದ ಹದಿನಾರೂ ಸೋಲು. ಇಪ್ಪತ್ತನೆಯ ಸ್ಥಾನ, ಎಂದರೆ ಕಟ್ಟಕಡೆ. ಬೇರೆ ಯಾರಾದರೂ ಆಗಿದ್ದರೆ ಮಣೆ ಮಡಚಿ ಪುಸ್ತಕ ಹಿಡಿಯುತ್ತಿದ್ದರು. ಈತ ಹಿಡಿಯಲಿಲ್ಲ. ಎರಡು ವರ್ಷ ಕಳೆದು 1910ರಲ್ಲಿ ಅದೇ ವಿಯೆನ್ನಾದಲ್ಲಿ ತನ್ನ ಗೆಳೆಯ ತಾರ್ತಕೋವರ್ ಎಂಬ ಪ್ರಸಿದ್ಧ ಪಟುವನ್ನು ಮಂತ್ರಿಯನ್ನೇ ಬಲಿಕೊಟ್ಟು ಹನ್ನೊಂದೇ ನಡೆಯಲ್ಲಿ ಕಟ್ಟಿಹಾಕಿದ. ಆ ಪುಟ್ಟ ಆಟ ಇಂದಿಗೂ ಚದುರಂಗದ ಪುಸ್ತಕಗಳಲ್ಲಿದೆ.

ಗಡಿ ಬದಲಾಯಿತು

1914ರಲ್ಲಿ ಮಹಾಯುದ್ಧ ಬಂತು. ಪಂದ್ಯಾಟಗಳು ಬಹುಮಟ್ಟಿಗೆ ನಿಂತವು. 1918ರಲ್ಲಿ, ಈಗ ಕೊಶಿತ್ಸೆ ಎನ್ನುವ ಕಾಶಾವ್ ಪಟ್ಟಣದ ಪಂದ್ಯಾಟದಲ್ಲಿ ರೇಟಿ ಮೊದಲಿಗನಾದ. ಅದೇ ವರ್ಷದ ಕೊನೆಗೆ ಸಾಮ್ರಾಜ್ಯವೇ ಕುಸಿದುಬಿತ್ತು. ಒಂದು ದೇಶವಿದ್ದಲ್ಲಿ ಹಲವು ದೇಶಗಳಾದವು. ಹುಟ್ಟಿದ ಊರು ಹೊಸದಾಗಿ ಹುಟ್ಟಿದ ಚೆಕೊಸ್ಲೊವಾಕಿಯಾಕ್ಕೆ ಸೇರಿತು. ಓದಿದ ವಿಯೆನ್ನಾ ಬೇರೊಂದು ದೇಶದ ರಾಜಧಾನಿಯಾಯಿತು. ರೇಟಿ ಚೆಕೊಸ್ಲೊವಾಕಿಯಾದ ಪ್ರಜೆಯಾದ. ಬರೆಯುತ್ತಿದ್ದದ್ದು ಮಾತ್ರ ಕೊನೆಯವರೆಗೂ ಜರ್ಮನಿನಲ್ಲಿ.

1956ರ ನವೆಂಬರ್ ಒಂದರ ನೆನಪಿರುವ ಮನೆಗಳಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮನುಷ್ಯ ಕದಲದಿದ್ದರೂ ಗಡಿ ಕದಲುತ್ತದೆ. ರೇಟಿ ಈ ಬದಲಾವಣೆಯ ಬಗ್ಗೆ ಏನು ನೆನೆದನೋ, ಆದರೆ ಕೆಲಸ ನಿಲ್ಲಿಸಲಿಲ್ಲ ಎಂಬುದು ನಿಜ. 1920ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಗೆದ್ದ. ಅದೇ ವರ್ಷ ಸ್ವೀಡನ್ನಿನ ಗೋಥೆನ್‌ಬರ್ಗಿನಲ್ಲಿ ರುಬಿನ್‌ಸ್ಟೈನ್, ಬೊಗೊಲ್ಯೂಬೊವ್ ಮೊದಲಾದ ಘಟಾನುಘಟಿಗಳನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆದ. ವಿಯೆನ್ನಾದಲ್ಲಿ ಕಡೆಯವನಾಗಿದ್ದ ಹುಡುಗ ಹನ್ನೆರಡು ವರ್ಷಗಳಲ್ಲಿ ಯುರೋಪಿನ ಮೊದಲ ಸಾಲಿಗೆ ಬಂದಿದ್ದ.

ಹೊಸ ಪಂಥ

ಆಗ ಚದುರಂಗದಲ್ಲಿ ಜರ್ಮನಿಯ ವೈದ್ಯ ಸೀಗ್‌ಬರ್ಟ್ ತಾರಾಶ್ ಎಂಬವರ ಮಾತೇ ವೇದವಾಕ್ಯ. ಮೊದಲ ನಡೆಯಲ್ಲೇ ರಾಜನ ಅಥವಾ ಮಂತ್ರಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕು. ನಡುವಿನ ನಾಲ್ಕು ಮನೆಗಳಲ್ಲಿ ನಿನ್ನ ಕಾಲಾಳುಗಳನ್ನು ನಿಲ್ಲಿಸು. ನಡುವು ಯಾರದೋ ಆಟ ಅವರದು. ಶಾಲೆಯ ಮಗ್ಗಿಯಂತೆ ಇದನ್ನು ಎಲ್ಲರೂ ಒಪ್ಪಿದ್ದರು.

ಯುದ್ಧ ಮುಗಿದ ಕಾಲಕ್ಕೆ ಕೆಲವು ತರುಣರು ಇದನ್ನು ಪ್ರಶ್ನಿಸತೊಡಗಿದರು. ಹಂಗೇರಿಯ ಗ್ಯೂಲಾ ಬ್ರೇಯರ್, ರೀಗಾದ ನಿಮ್ಜೊವಿಚ್, ತಾರ್ತಕೋವರ್, ಇವರೊಂದಿಗೆ ರೇಟಿ. ನಡುವಿನಲ್ಲಿ ನಿಂತ ಕಾಲಾಳು ಬಲವೂ ಹೌದು, ಗುರಿಯೂ ಹೌದು ಎಂಬುದು ಇವರ ವಾದ. ಎದುರಾಳಿ ನಡುವನ್ನು ತುಂಬಿಕೊಳ್ಳಲಿ. ನಾವು ದೂರದಿಂದ ಕುದುರೆಯ ನೆಗೆತದಿಂದಲೂ ಒಂಟೆಯ ಓರೆದಾರಿಯಿಂದಲೂ ಆ ಮನೆಗಳ ಮೇಲೆ ಕಣ್ಣಿಡೋಣ. ಕಾಲ ಕೂಡಿಬಂದಾಗ ಹೊಡೆದರೆ ಕಟ್ಟಿದ ಕೋಟೆಯೇ ಎದುರಾಳಿಗೆ ಹೊರೆಯಾಗುತ್ತದೆ. ಬ್ರೇಯರ್ 1921ರಲ್ಲಿ, ಇಪ್ಪತ್ತೆಂಟನೆಯ ವಯಸ್ಸಿನಲ್ಲೇ ತೀರಿಕೊಂಡ. 1922ರಲ್ಲಿ ರೇಟಿ ಚದುರಂಗದ ಹೊಸ ಚಿಂತನೆಗಳ ಕುರಿತು ಜರ್ಮನಿನಲ್ಲಿ ಒಂದು ಪುಸ್ತಕ ಬರೆದ. ಮರುವರ್ಷವೇ ಅದು ಇಂಗ್ಲಿಷಿನಲ್ಲಿ ಬಂತು. ಹಳಬರನ್ನು ಹೀಗಳೆಯುವ ಪುಸ್ತಕ ಅದಲ್ಲ. ಒಂದು ತಲೆಮಾರು ಕಂಡದ್ದನ್ನು ಮುಂದಿನದು ಹೇಗೆ ಬೆಳೆಸಿತು ಎಂಬುದನ್ನು ಅದು ಕ್ರಮವಾಗಿ ತೋರಿಸುತ್ತದೆ.

ಈ ಹೊಸ ಪಂಥಕ್ಕೆ ನಮ್ಮ ದೇಶದ ನಂಟೂ ಇದೆ. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಕಲ್ಕತ್ತೆಯಲ್ಲಿದ್ದ ಜಾನ್ ಕಾಕ್ರೇನ್ ಎಂಬ ಸ್ಕಾಟಿಷ್ ವಕೀಲನ ಎದುರು ಮಹೇಶಚಂದ್ರ ಬಂದ್ಯೋಪಾಧ್ಯಾಯ ಎಂಬ ಬಂಗಾಳಿ ಪಟು ಹಲವಾರು ಆಟ ಆಡಿದ್ದ. ನಮ್ಮ ದೇಸೀ ಚದುರಂಗದಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಹೋಗುವುದು. ಆ ರೂಢಿಯಿಂದ ಬಂದ ಬಂಗಾಳಿ ಪಟು ಕಾಲಾಳನ್ನು ಒಂದು ಮನೆ ಸರಿಸಿ, ಒಂಟೆಯನ್ನು ಬದಿಯಲ್ಲಿ ಕೂರಿಸಿ, ನಡುವಿಗೆ ತಡವಾಗಿ ಕೈಹಾಕುತ್ತಿದ್ದ. ಆ ಆಟಗಳನ್ನು ಕಾಕ್ರೇನ್ ಬರೆದಿಟ್ಟ. ಇಂದು ಭಾರತೀಯ ರಕ್ಷಣೆ ಎಂಬ ಹೆಸರಿನಲ್ಲಿ ಜಗತ್ತೆಲ್ಲ ಆಡುವ ಕ್ರಮಗಳ ಹೆಸರಿನ ಮೂಲ ಅಲ್ಲಿದೆ. ಮುಂದೆ ಹೇಳಲಿರುವ ಆಟದಲ್ಲಿ ಕ್ಯಾಪಾಬ್ಲಾಂಕಾ ಹಿಡಿದದ್ದೂ ಅಂಥ ಒಂದು ಭಾರತೀಯ ಕ್ರಮವನ್ನೇ.

ಆ ಮೂವತ್ತೊಂದು ನಡೆಗಳು

ನ್ಯೂಯಾರ್ಕಿನಲ್ಲಿ ಹನ್ನೊಂದು ಮಂದಿ ಒಬ್ಬರೊಬ್ಬರೊಡನೆ ಎರಡೆರಡು ಆಟ ಆಡಬೇಕಾಗಿತ್ತು. ಐದನೇ ಸುತ್ತಿನಲ್ಲಿ ರೇಟಿಗೆ ಬಿಳಿ, ಕ್ಯಾಪಾಬ್ಲಾಂಕಾನಿಗೆ ಕರಿ. ರೇಟಿ ಮೊದಲು ಸರಿಸಿದ್ದು ಕಾಲಾಳನ್ನಲ್ಲ, ರಾಜನ ಬದಿಯ ಕುದುರೆಯನ್ನು. ಎರಡನೆಯದು ಮಂತ್ರಿ ಬದಿಯ ಒಂಟೆಯ ಮುಂದಿನ ಕಾಲಾಳು, ಎರಡು ಮನೆ. ಮೂರನೆಯದು ಅದರ ಪಕ್ಕದ, ಕುದುರೆಯ ಮುಂದಿನ ಕಾಲಾಳು, ಅದೂ ಎರಡು ಮನೆ. ನಡುವಿನ ನಾಲ್ಕು ಮನೆಗಳು ಖಾಲಿ. ಬಳಿಕ ಎರಡು ಒಂಟೆಗಳನ್ನೂ ಎರಡು ಬದಿಗಳಲ್ಲಿ ಕೂರಿಸಿದ. ಮೂಲೆಯಿಂದ ಮೂಲೆಗೆ ಹೋಗುವ ಎರಡು ಉದ್ದನೆಯ ಓರೆದಾರಿಗಳು ಹೀಗೆ ಆತನ ಕೈಗೆ ಬಂದವು.

ಕ್ಯಾಪಾಬ್ಲಾಂಕಾನೂ ತನ್ನ ಒಂಟೆಗಳನ್ನು ಬದಿಗಳಲ್ಲೇ ಇಟ್ಟ. ಆದರೆ ಒಂಬತ್ತನೇ ನಡೆಯಲ್ಲಿ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ಮುಂದೊತ್ತಿ ನಡುವಿಗೆ ಬಂದ. ಹದಿನೈದು ನಡೆಗಳು ಮುಗಿಯುವವರೆಗೂ ರೇಟಿಯ ಒಂದು ಕಾಲಾಳೂ ನಡುವಿನ ನಾಲ್ಕು ಮನೆಗಳಿಗೆ ಕಾಲಿಟ್ಟಿರಲಿಲ್ಲ. ಹೆದರಿ ಹಿಂದೆ ಕುಳಿತಂತೆ ನೋಡುವವರಿಗೆ ಕಂಡೀತು. ಹದಿನಾರನೇ ನಡೆಯಲ್ಲಿ ಮಂತ್ರಿಯ ಮುಂದಿನ ಕಾಲಾಳು ನಡುವಿಗೆ ನುಗ್ಗಿತು. ಅಲ್ಲಿಂದ ಬಾಗಿಲುಗಳು ಒಂದೊಂದಾಗಿ ತೆರೆದವು. ಕಾಲಾಳುಗಳ ವಿನಿಮಯವಾಯಿತು. ಇಪ್ಪತ್ತನೇ ನಡೆಯಲ್ಲಿ ಕ್ಯಾಪಾಬ್ಲಾಂಕಾ ಮಂತ್ರಿಯಿಂದ ಒಂದು ಕಾಲಾಳನ್ನು ಹೊಡೆದು ಮೇಲಾದಂತೆ ಕಂಡಿತು. ರೇಟಿ ಮರುನಡೆಯಲ್ಲೇ ಕರಿಯ ರಾಜನ ಕಾವಲಿಗಿದ್ದ ಒಂಟೆಯನ್ನು ಹೊಡೆದ. ಅದಕ್ಕೆ ಬದಲಾಗಿ ಆತನ ಒಂಟೆಯೂ ಹೋಯಿತು. ಆಗ ಖಾಲಿಯಾದ ಓರೆದಾರಿಯಲ್ಲಿ ತನ್ನ ಮಂತ್ರಿಯನ್ನು ತಂದು ರಾಜನಿಗೆ ಷಾ ಕೊಟ್ಟ. ಮರುಕ್ಷಣ ಆನೆಯಿಂದ ನಡುಸಾಲಿನ ಕರಿಯ ಕಾಲಾಳನ್ನು ಹೊಡೆದ. ಲೆಕ್ಕ ಸಮವಾಯಿತು, ಆದರೆ ಆನೆ ಎದುರಾಳಿಯ ಒಡಲೊಳಗೆ ಕುಳಿತಿತು. ಎರಡನೆಯ ಆನೆ ಅದರ ಬೆನ್ನಿಗೆ ಬಂತು. ಎರಡು ಕುದುರೆಗಳು ಬದಿಯಿಂದ ನಡುವಿಗೆ ನೆಗೆದು ಕರಿಯ ಮಂತ್ರಿಯ ದಾರಿಗಳನ್ನು ಮುಚ್ಚತೊಡಗಿದವು. ಮೂವತ್ತೊಂದನೇ ನಡೆಯಲ್ಲಿ ಹಿಂದಿನ ಆನೆ ನಾಲ್ಕು ಮನೆ ಮುಂದೆ ಬಂದು ಮಂತ್ರಿಗೆ ಎದುರಾಯಿತು. ದೊಡ್ಡ ನಷ್ಟವಿಲ್ಲದೆ ಪಾರಾಗುವ ದಾರಿ ಕರಿಯವನಿಗೆ ಉಳಿಯಲಿಲ್ಲ.

ಈ ಆಟದಲ್ಲಿ ಮಿಂಚಿನಂಥ ಬಲಿದಾನವಿಲ್ಲ. ಒಂದು ವಿಚಾರವನ್ನು ನಂಬಿ ಹದಿನೈದು ನಡೆ ಕಾದ ತಾಳ್ಮೆಯಿದೆ, ಕಾದದ್ದು ಸಾಕೆಂದು ತಿಳಿಯುವ ವಿವೇಕವಿದೆ. ಅದೇ ಪಂದ್ಯಾಟದಲ್ಲಿ ಬೊಗೊಲ್ಯೂಬೊವನ ಮೇಲೆ ಇದೇ ಬಗೆಯ ಆರಂಭದಿಂದ ಇಪ್ಪತ್ತೈದು ನಡೆಗಳಲ್ಲಿ ಗೆದ್ದದ್ದಕ್ಕೆ ರೇಟಿಗೆ ಅತ್ಯಂತ ಸುಂದರ ಆಟದ ಮೊದಲ ಬಹುಮಾನವೂ ದೊರೆಯಿತು.

ಸೋಲೂ ಇತ್ತು

ಇಷ್ಟು ಹೇಳಿ ನಿಲ್ಲಿಸಿದರೆ ಚಿತ್ರ ಪೂರ್ಣವಾಗದು. ಆ ಪಂದ್ಯಾಟದಲ್ಲಿ ರೇಟಿ ಪಡೆದದ್ದು ಐದನೇ ಸ್ಥಾನ. ಐವತ್ತೈದು ವರ್ಷದ ಎಮಾನುಯೆಲ್ ಲಾಸ್ಕರ್ 16 ಅಂಕಗಳೊಂದಿಗೆ ಮೊದಲಿಗ, 14½ ಅಂಕಗಳ ಕ್ಯಾಪಾಬ್ಲಾಂಕಾ ಎರಡನೆಯವ. ಲಾಸ್ಕರ್ ರೇಟಿಯನ್ನು ಎರಡೂ ಆಟಗಳಲ್ಲಿ ಸೋಲಿಸಿದ. ಅದರಲ್ಲಿ ಒಂದು ಸಲ ಬದಿಯ ಆರಂಭಕ್ಕೇ ಸಮರ್ಥ ಉತ್ತರ ಕೊಟ್ಟು ಸೋಲಿಸಿದ. ಮರುವರ್ಷ, 1925ರಲ್ಲಿ, ಬಾಡೆನ್-ಬಾಡೆನ್ ಪಂದ್ಯಾಟದಲ್ಲಿ ರೇಟಿ ಮತ್ತೆ ಬದಿಯ ಕಾಲಾಳಿನಿಂದ ಆಟ ತೊಡಗಿದ. ಎದುರಿಗಿದ್ದವ ಅಲೆಖಿನ್. ಕಾಲಾಳು ಹೊಡೆಯಬಹುದಾದ ಮನೆಯಲ್ಲಿ ಅಲೆಖಿನ್ ತನ್ನ ಆನೆಯನ್ನು ತಂದಿಟ್ಟ ಆ ಆಟವನ್ನು ಚದುರಂಗದ ಇತಿಹಾಸದ ಶ್ರೇಷ್ಠ ಆಟಗಳಲ್ಲಿ ಒಂದೆಂದು ಎಣಿಸುತ್ತಾರೆ. ಅದರಲ್ಲಿ ಸೋತವನು ರೇಟಿ.

ಆದುದರಿಂದ ಆತ ಗೆಲ್ಲುವ ಮಂತ್ರವನ್ನು ಕಂಡುಹಿಡಿದ ಎನ್ನುವುದು ಸಲ್ಲದು. ಆಟಕ್ಕೆ ಒಂದೇ ಬಾಗಿಲಲ್ಲ ಎಂದು ತೋರಿಸಿಕೊಟ್ಟ ಎನ್ನುವುದು ಸರಿ.

ನಾಲ್ಕೇ ಕಾಯಿಗಳು

ರೇಟಿಯ ಗಣಿತದ ಓದು ವ್ಯರ್ಥವಾಗಲಿಲ್ಲ ಎಂಬುದಕ್ಕೆ 1921ರಲ್ಲಿ ಆತ ರಚಿಸಿದ ಒಂದು ಸಮಸ್ಯೆ ಸಾಕ್ಷಿ. ಮಣೆಯ ಮೇಲೆ ಇರುವುದು ನಾಲ್ಕೇ ಕಾಯಿಗಳು. ಎರಡು ರಾಜರು, ಒಂದೊಂದು ಕಾಲಾಳು. ಬಿಳಿಯ ರಾಜ ದೂರದ ಮೂಲೆಯಲ್ಲಿದ್ದಾನೆ. ಮಂತ್ರಿಯಾಗಲು ಓಡುತ್ತಿರುವ ಕರಿಯ ಕಾಲಾಳನ್ನು ಬೆನ್ನಟ್ಟಿದರೆ ಎರಡು ಹೆಜ್ಜೆ ಹಿಂದೆ ಬೀಳುತ್ತಾನೆ. ತನ್ನ ಕಾಲಾಳಿಗೆ ನೆರವಾಗೋಣವೆಂದರೆ ಅದರ ಪಕ್ಕದಲ್ಲೇ ಕರಿಯ ರಾಜ ಕಾದಿದ್ದಾನೆ. ಎರಡೂ ದಾರಿ ಮುಚ್ಚಿವೆ. ಆದರೂ ಬಿಳಿ ಆಟವನ್ನು ಸಮ ಮಾಡಬೇಕು.

ಉತ್ತರ ಇಷ್ಟೆ. ರಾಜ ನೇರ ನಡೆಯದೆ ಓರೆಯಾಗಿ ನಡೆಯಬೇಕು. ಕಾಗದದ ಮೇಲೆ ಓರೆಗೆರೆ ನೇರಗೆರೆಗಿಂತ ಉದ್ದ. ಚದುರಂಗದ ಮಣೆಯಲ್ಲಿ ಹಾಗಲ್ಲ. ರಾಜನಿಗೆ ಓರೆ ಹೆಜ್ಜೆಯೂ ಒಂದೇ, ನೇರ ಹೆಜ್ಜೆಯೂ ಒಂದೇ. ಆದ್ದರಿಂದ ಓರೆಯಾಗಿ ಇಟ್ಟ ಒಂದೊಂದು ಹೆಜ್ಜೆಯೂ ಆತನನ್ನು ಕರಿಯ ಕಾಲಾಳಿಗೂ ಹತ್ತಿರ ತರುತ್ತದೆ, ತನ್ನ ಕಾಲಾಳಿಗೂ ಹತ್ತಿರ ತರುತ್ತದೆ. ಕರಿಯವನು ಬಿಳಿಯ ಕಾಲಾಳನ್ನು ಹಿಡಿಯಲು ಹೊತ್ತು ಕಳೆದರೆ ಬಿಳಿ ರಾಜ ಓಡುವ ಕಾಲಾಳನ್ನು ಹಿಡಿಯುತ್ತಾನೆ. ಓಡಿಸಿದರೆ ತನ್ನ ಕಾಲಾಳನ್ನು ಸೇರಿಕೊಳ್ಳುತ್ತಾನೆ, ಇಬ್ಬರಿಗೂ ಮಂತ್ರಿ ಹುಟ್ಟುತ್ತದೆ. ಎರಡು ಕೆಲಸ ಒಂದೊಂದಾಗಿ ಅಸಾಧ್ಯ, ಜತೆಯಾಗಿ ಸಾಧ್ಯ. ಚದುರಂಗ ಕಲಿಯುವ ಮಕ್ಕಳಿಗೆ ಜಗತ್ತಿನೆಲ್ಲೆಡೆ ಇಂದಿಗೂ ಇದನ್ನು ತೋರಿಸುತ್ತಾರೆ. ಆತ ಬೇರೇನೂ ಮಾಡದೆ ಇದೊಂದನ್ನೇ ಬಿಟ್ಟುಹೋಗಿದ್ದರೂ ಹೆಸರು ಉಳಿಯುತ್ತಿತ್ತು.

ನೆನಪು ಮತ್ತು ಮರೆವು

1925ರಲ್ಲಿ ಬ್ರೆಜಿಲಿನ ಸಾವೊ ಪೌಲೊ ನಗರದಲ್ಲಿ ರೇಟಿ ಮಣೆಯನ್ನು ನೋಡದೆ ಒಟ್ಟಿಗೆ 29 ಮಂದಿಯೊಡನೆ ಆಡಿ ಆಗಿನ ವಿಶ್ವದಾಖಲೆ ಸ್ಥಾಪಿಸಿದ. 21 ಗೆಲುವು, 6 ಸಮ, ಎರಡೇ ಸೋಲು. ಇಪ್ಪತ್ತೊಂಬತ್ತು ಮಣೆಗಳ ಮೇಲಿನ ಒಂದೊಂದು ಕಾಯಿಯೂ ಎಲ್ಲಿದೆಯೆಂದು ತಲೆಯಲ್ಲೇ ಇಟ್ಟುಕೊಳ್ಳುವುದೆಂದರೆ ನಮ್ಮ ಅವಧಾನಿಗಳ ಸಾಹಸಕ್ಕೆ ಸಮಾನ. ಇಂಥ ನೆನಪಿನ ಮನುಷ್ಯ ದಿನದ ಬದುಕಿನಲ್ಲಿ ಮಹಾ ಮರೆಗುಳಿ. ತನ್ನ ಕೈಚೀಲವನ್ನು ಹೋದಲ್ಲೆಲ್ಲ ಮರೆತು ಬರುತ್ತಿದ್ದ. ಸಾವೊ ಪೌಲೊದ ಆ ದಾಖಲೆಯ ಆಟ ಮುಗಿಸಿ ಹೊರಟಾಗಲೂ ಚೀಲ ಬಿಟ್ಟೇ ಹೊರಟನೆಂದೂ, ಯಾರೋ ತಂದುಕೊಟ್ಟಾಗ ತನಗೆ ನೆನಪಿನ ಶಕ್ತಿ ಬಹಳ ಕಡಿಮೆಯೆಂದು ಹೇಳಿ ವಂದಿಸಿದನೆಂದೂ ಒಂದು ಕಥೆಯಿದೆ.

ರಷ್ಯದ ಕವಿ ಸೆರ್ಗೇ ಗೊರೊದೆತ್ಸ್ಕಿಯ ಮಗಳು ರೊಗ್ನೆದಾಳನ್ನು ಆತ ಮದುವೆಯಾದ. 1927ರಲ್ಲಿ ಲಂಡನ್ನಿನಲ್ಲಿ ಮೊದಲ ಚದುರಂಗ ಒಲಿಂಪಿಯಾಡ್ ನಡೆದಾಗ ಚೆಕೊಸ್ಲೊವಾಕಿಯಾದ ಪರವಾಗಿ ಆಡಿದ. ಚದುರಂಗದ ದೊಡ್ಡ ಪಟುಗಳ ಬಗ್ಗೆ ಇನ್ನೊಂದು ಪುಸ್ತಕವನ್ನು ಬರೆಯತೊಡಗಿದ್ದ. ಅದು ಅಚ್ಚಾಗಿ ಬಂದದ್ದನ್ನು ಕಾಣುವ ಭಾಗ್ಯ ಆತನಿಗಿರಲಿಲ್ಲ. 1929ರ ಜೂನ್ 6ರಂದು ಪ್ರಾಗ್ ನಗರದಲ್ಲಿ ಸ್ಕಾರ್ಲೆಟ್ ಜ್ವರ ಆತನನ್ನು ಕೊಂಡೊಯ್ದಿತು. ನಲುವತ್ತು ತುಂಬಿ ಕೆಲವೇ ದಿನಗಳಾಗಿದ್ದವು. ಪೆನಿಸಿಲಿನ್ ಇಲ್ಲದ ಕಾಲ. ಚಿತಾಭಸ್ಮವನ್ನು ವಿಯೆನ್ನಾಕ್ಕೆ ತಂದು ಅಲ್ಲಿನ ಕೇಂದ್ರ ಸ್ಮಶಾನದ ಯೆಹೂದಿ ಭಾಗದಲ್ಲಿ, ತಂದೆಯ ಸಮಾಧಿಯಲ್ಲಿಯೇ ಮಣ್ಣು ಮಾಡಿದರು. ಪುಸ್ತಕ 1930ರಲ್ಲಿ ಹೊರಬಂತು.

ನೂರು ವರ್ಷಗಳ ಮೇಲೆ

ರೇಟಿ ಹುಟ್ಟಿದ ಸಾಮ್ರಾಜ್ಯ ಈಗಿಲ್ಲ. ಆತ ಪ್ರಜೆಯಾಗಿದ್ದ ಚೆಕೊಸ್ಲೊವಾಕಿಯಾವೂ 1993ರಲ್ಲಿ ಎರಡು ದೇಶಗಳಾಯಿತು. ಆತನ ಆರಂಭ ಮಾತ್ರ ಉಳಿದಿದೆ. 1997ರಲ್ಲಿ ಡೀಪ್ ಬ್ಲೂ ಎಂಬ ಕಂಪ್ಯೂಟರಿನ ಎದುರು ಗ್ಯಾರಿ ಕ್ಯಾಸ್ಪರೋವ್ ಮೊದಲ ಆಟವನ್ನು ಗೆದ್ದದ್ದು ಕುದುರೆಯನ್ನು ಮೊದಲು ನಡೆಸುವ ಆ ಆರಂಭದಿಂದಲೇ.

2024ರ ಡಿಸೆಂಬರಿನಲ್ಲಿ ಸಿಂಗಾಪುರದಲ್ಲಿ ವಿಶ್ವವಿಜೇತ ಪಟ್ಟಕ್ಕಾಗಿ ಚೀನಾದ ಡಿಂಗ್ ಲಿರೆನ್ ಮತ್ತು ಚೆನ್ನೈಯ ಹದಿನೆಂಟರ ಹುಡುಗ ಡಿ. ಗುಕೇಶ್ ಸೆಣಸಿದರು. ಅಂಕ ಸಮವಾಗಿದ್ದಾಗ ಹನ್ನೊಂದನೇ ಆಟ ಬಂತು. ಗುಕೇಶನಿಗೆ ಬಿಳಿ. ಮೊದಲು ರಾಜನ ಬದಿಯ ಕುದುರೆ. ಎರಡನೆಯದು ಮಂತ್ರಿ ಬದಿಯ ಒಂಟೆಯ ಮುಂದಿನ ಕಾಲಾಳು, ಎರಡು ಮನೆ. ಮೂರನೆಯದು ಅದರ ಪಕ್ಕದ ಕಾಲಾಳು, ಎರಡು ಮನೆ. ನೂರು ವರ್ಷಗಳ ಹಿಂದೆ ಕ್ಯಾಪಾಬ್ಲಾಂಕಾನ ಎದುರು ರೇಟಿ ಇಟ್ಟ ಅದೇ ಮೂರು ಹೆಜ್ಜೆಗಳು. ಆ ಆಟವನ್ನು ಗೆದ್ದು ಮುನ್ನಡೆ ಪಡೆದ ಗುಕೇಶ್, ಮುಂದಿನದನ್ನು ಸೋತರೂ ಕೊನೆಯ ಆಟದಲ್ಲಿ ಗೆದ್ದು ಪಟ್ಟವನ್ನು ಭಾರತಕ್ಕೆ ತಂದ.

ಅಂಚಿನಲ್ಲಿರುವವರ ಮಾತು ನಡುವಿನವರಿಗೆ ಕೇಳಿಸುವುದಿಲ್ಲವೆಂದು ನಾವು ಆಗಾಗ ದುಃಖಿಸುತ್ತೇವೆ. ಆ ದುಃಖಕ್ಕೆ ಕಾರಣವೂ ಇದೆ. ಆದರೂ ನಮ್ಮ ಶಾಲೆಗಳ ಮಕ್ಕಳು ಮಣೆ ಹಾಕಿ ಕುಳಿತಾಗ ಈ ಮೂರು ನಡೆಗಳನ್ನು ಒಮ್ಮೆ ಇಟ್ಟು ನೋಡಲಿ. ನಡುವು ಖಾಲಿಯಿದ್ದರೂ ಕೈ ಸೋತಿಲ್ಲವೆಂಬುದು ಹತ್ತು ನಡೆಯೊಳಗೆ ಅವರಿಗೇ ತಿಳಿಯುತ್ತದೆ.